ಮಲೆನಾಡಲ್ಲಿ ಕ್ಯಾರವಾನ್ ನಿಲ್ಲಿಸಿ ಟಿವಿ, ನೆಟ್ ಹಿಡಿಯುವುದು ಹೇಗೆ?

ನಮ್ಮ ಮನೆ ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ, ಅಡಿಕೆ ತೋಟದ ತಲೆಯ ಮೇಲೆ. ಅಡಿಕೆ ಒಣಗಿಸುವ ಅಂಗಳ ವರ್ಷದ ಅರ್ಧ ಭಾಗ ಖಾಲಿ ಬಿದ್ದಿರುತ್ತದೆ. ಅಲ್ಲಿ ಕ್ಯಾಂಪರ್ ವ್ಯಾನ್ ನಿಲ್ಲಿಸಿಕೊಳ್ಳಲು ಜಾಗ ಕೊಡುತ್ತೇವೆ. ಟೆಂಪೊ ಟ್ರಾವೆಲರ್ ಒಳಗೆ ಮಂಚ, ಒಲೆ ಕೂರಿಸಿಕೊಂಡವರು, ಕಾರಿನ ಹಿಂದೆ ಪುಟ್ಟ ಮನೆ ಎಳೆದುಕೊಂಡು ಬರುವವರು, ಎಲ್ಲ ತರದವರೂ ಬರುತ್ತಾರೆ. ಇಳಿದ ಕೂಡಲೇ ನೀರು ಎಲ್ಲಿದೆ ಅಂತ ಕೇಳುವುದಕ್ಕೂ ಮೊದಲು ಫೋನ್ ಎತ್ತಿ ಹಿಡಿದು ಅಂಗಳದ ತುಂಬ ಸುತ್ತುತ್ತಾರೆ. ಆಮೇಲೆ ಒಂದು ಪ್ರಶ್ನೆ: "ಸರ್, ಇಲ್ಲಿ ನೆಟ್‌ವರ್ಕ್ ಬರಲ್ವಾ?"

ಬರುತ್ತದೆ. ಆದರೆ ಎಲ್ಲ ಕಡೆ ಬರುವುದಿಲ್ಲ. ನಮ್ಮ ಅಂಗಳದ ತೆಂಕಣ ಮೂಲೆಯಲ್ಲಿ ಏನೂ ಇಲ್ಲ. ಅಲ್ಲಿಂದ ನಲವತ್ತು ಹೆಜ್ಜೆ ಮೇಲೆ, ಹಲಸಿನ ಮರದ ಬುಡದಲ್ಲಿ ವಿಡಿಯೋ ಕಾಲ್ ಆಗುತ್ತದೆ. ಜನ ಸಾವಿರಾರು ರೂಪಾಯಿಯ ಸಾಮಾನು ತಂದು ತೆಂಕಣ ಮೂಲೆಯಲ್ಲೇ ಕೂತು ಒದ್ದಾಡುತ್ತಾರೆ. ಮಲೆನಾಡಲ್ಲಿ ಜಾಗ ಮೊದಲು, ಸಾಮಾನು ಆಮೇಲೆ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಉಳಿದದ್ದೆಲ್ಲ ಇದರ ವಿವರ.

ಹೊರಡುವ ಮೊದಲು

ಉಳಿಯುವ ಜಾಗದವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಯಾವ ಸಿಮ್‌ಗೆ ರೇಂಜ್ ಇದೆ? ಮನೆಗೆ ಫೈಬರ್ ಬಂದಿದೆಯಾ? ಕರೆಂಟು ಹೋದಾಗಲೂ ವೈಫೈ ಇರುತ್ತದಾ? "ನೆಟ್‌ವರ್ಕ್ ಇದೆಯಾ?" ಅಂತ ಸುಮ್ನೆ ಕೇಳಿದರೆ ಎಲ್ಲರೂ "ಇದೆ" ಅಂತಲೇ ಹೇಳುತ್ತಾರೆ. ಎಲ್ಲಿ ನಿಂತರೆ ಇದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ!

ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಒಂದು ಕಣಿವೆಯಲ್ಲಿ ಒಂದು ಕಂಪನಿ ಮಾತ್ರ ಬರುತ್ತದೆ, ಗುಡ್ಡ ದಾಟಿದರೆ ಇನ್ನೊಂದು. ಒಳ ಊರುಗಳಿಗೆ ಹೋಗುವವರಾದರೆ ಎರಡರಲ್ಲಿ ಒಂದು ಬಿಎಸ್‌ಎನ್‌ಎಲ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಅವರ ಸ್ವದೇಶಿ 4ಜಿ 2025ರ ಸೆಪ್ಟೆಂಬರ್‌ನಲ್ಲಿ ದೇಶದ ಮಟ್ಟದಲ್ಲಿ ಉದ್ಘಾಟನೆ ಆಯಿತು. ಅದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಈ 700 ಅನ್ನುವ ಸಂಖ್ಯೆ ನಮಗೆ ಮುಖ್ಯ. ಸಂಖ್ಯೆ ಕಮ್ಮಿ ಇದ್ದಷ್ಟೂ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಈಚೆಗೂ ಇಳಿಯುತ್ತದೆ, ಎಲೆಗಳ ನಡುವೆ ನುಸುಳುತ್ತದೆ. ಜಿಯೋದ 850, ಏರ್‌ಟೆಲ್‌ನ 900 ಕೂಡ ಇದೇ ಗುಂಪಿನವು. 2300 ಪೇಟೆಯಲ್ಲಿ ವೇಗ ಕೊಡುತ್ತದೆ, ಕಾಡಿನಲ್ಲಿ ಬೇಗ ಸೋಲುತ್ತದೆ. ಹಾಗಾಗಿ ರೂಟರ್ ಕೊಳ್ಳುವಾಗ ಬ್ಯಾಂಡ್ 5, 8, 28 ಮೂರೂ ಇದೆಯಾ ಅಂತ ಪೆಟ್ಟಿಗೆಯ ಮೇಲೆ ಓದಿ. 5 ಅಂದರೆ ಆ 850, 8 ಅಂದರೆ 900, 28 ಅಂದರೆ 700. ಹಳೆಯ ಡಾಂಗಲ್‌ಗಳಲ್ಲಿ ಎಷ್ಟೋ ಸಲ ಈ 28 ಇರುವುದಿಲ್ಲ.

ಮ್ಯಾಪನ್ನು ಶಿವಮೊಗ್ಗದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೈಯಲ್ಲಿ ನಗದು ಇರಲಿ. ನೆಟ್ ಇಲ್ಲದ ಅಂಗಡಿಯ ಮುಂದೆ ಯುಪಿಐ ಸುತ್ತುತ್ತಲೇ ಇರುತ್ತದೆ, ಚಹಾ ಆರಿಹೋಗಿರುತ್ತದೆ. ಇನ್ನೊಂದು ಮಾತು. ನಿಮ್ಮ ಸಿಮ್‌ಗೆ ರೇಂಜ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ ಸಾಕು, 112ಕ್ಕೆ ತುರ್ತು ಕರೆ ಹೋಗುತ್ತದೆ.

ಗಾಡಿ ನಿಲ್ಲಿಸುವ ಮೊದಲು ನಡೆಯಿರಿ

ಇಲ್ಲೇ ಎಲ್ಲರೂ ತಪ್ಪುವುದು. ನೆರಳು ಚೆನ್ನಾಗಿದೆ ಅಂತ ಮರದಡಿ ವ್ಯಾನ್ ನಿಲ್ಲಿಸಿ, ಜಾಕ್ ಕೊಟ್ಟು, ಕುರ್ಚಿ ಹಾಕಿ, ಆಮೇಲೆ ಫೋನ್ ನೋಡುತ್ತಾರೆ. ಮೊದಲು ಇಳಿಯಿರಿ. ಹತ್ತಿರದ ಮನೆಯಲ್ಲೋ ಅಂಗಡಿಯಲ್ಲೋ ಕೇಳಿ. ಮಲೆನಾಡಿನ ಪ್ರತಿ ಊರಿಗೂ ಒಂದು ರೇಂಜ್ ಸಿಗುವ ಜಾಗ ಇದ್ದೇ ಇರುತ್ತದೆ. 2020, 21ರಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಗುಡ್ಡದ ಮೇಲೆ, ರಸ್ತೆ ಪಕ್ಕ ಸೋಗೆ ಚಪ್ಪರ, ಟಾರ್ಪಾಲಿನ ಗುಡಿಸಲು ಕಟ್ಟಿದ್ದರಲ್ಲ, ಆ ಜಾಗಗಳು ಊರಿನ ಹುಡುಗರಿಗೆಲ್ಲ ಬಾಯಿಪಾಠ. ನಮ್ಮೂರ ಅಂಗಡಿಯ ಅಜ್ಜ ಹೊಸಬರಿಗೆ ಹೇಳುವುದು ಹೀಗೆ: "ಆ ಮೋರಿ ಕಟ್ಟೆ ಮೇಲೆ ಹತ್ತಿ ನಿಲ್ಲಿ ಮಾರಾಯ್ರೆ, ಮೂರು ಕಡ್ಡಿ ಸಿಗ್ತದೆ. ಕೆಳಗೆ ಇಳಿದ್ರೆ ಹೋಯ್ತು."

ಅಜ್ಜನ ಕಡ್ಡಿ ಲೆಕ್ಕ ಒಳ್ಳೆಯದೇ. ಆದರೆ ಫೋನಿನ ಕಡ್ಡಿಗಳು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ತರ. ನಿಜವಾದ ಅಳತೆ ಡಿಬಿಎಮ್‌ನಲ್ಲಿ ಇರುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ನೋಡಿದರೆ ಸಾಮಾನ್ಯವಾಗಿ ಸಿಗುತ್ತದೆ. ಅಲ್ಲಿ ಮೈನಸ್ ಹಾಕಿದ ಒಂದು ಸಂಖ್ಯೆ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ನೀವು ಪುಣ್ಯವಂತರು. ಮೈನಸ್ 105 ಅಂದರೆ ವಾಟ್ಸಾಪ್ ಸಾಗುತ್ತದೆ, ವಿಡಿಯೋ ತಡವರಿಸುತ್ತದೆ. ಮೈನಸ್ 115 ದಾಟಿತು ಅಂದರೆ ಜಾಗ ಬದಲಿಸಿ. ಸಂಖ್ಯೆ ಜಾಸ್ತಿ ಆದಷ್ಟೂ ಸಿಗ್ನಲ್ ಕೆಟ್ಟದು ಅನ್ನುವುದು ನೆನಪಿರಲಿ. ಹೊಸಬರು ಇದನ್ನೇ ತಿರುಗಾ ಮುರುಗಾ ಮಾಡಿಕೊಳ್ಳುತ್ತಾರೆ.

ಅಂಗಳದ ನಾಲ್ಕು ಮೂಲೆಯಲ್ಲೂ ಅರ್ಧ ಅರ್ಧ ನಿಮಿಷ ನಿಂತು ಸಂಖ್ಯೆ ಬರೆದುಕೊಳ್ಳಿ. ಓಡಾಡುತ್ತಾ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ. ಫೋನ್ ಹೊಸ ಟವರ್ ಹಿಡಿಯಲು ಸ್ವಲ್ಪ ಹೊತ್ತು ಬೇಕು. ವ್ಯಾನ್ ಒಳಗೂ ಒಮ್ಮೆ ನೋಡಿ. ತಗಡಿನ ಗೋಡೆ ಸಿಗ್ನಲ್ಲನ್ನು ತಡೆಯುತ್ತದೆ, ಹೊರಗಿನ ಮೈನಸ್ 100 ಒಳಗೆ ಮೈನಸ್ 110 ಆಗಿಬಿಡಬಹುದು. ಹಂಚಿನ ಮನೆಯಲ್ಲಿ ಕೂತರೆ ಇಷ್ಟು ತೊಂದರೆ ಇಲ್ಲ. ಅದಕ್ಕೇ ನಮ್ಮ ಜಗಲಿಗೆ ಬಂದು ಕೂತವರು ಹೇಳುತ್ತಾರೆ, "ಅರೆ, ಇಲ್ಲಿ ಬರ್ತಿದೆ!"

ಹೊಳೆ ಬದಿಯ ಜಾಗ ಎಲ್ಲರಿಗೂ ಇಷ್ಟ. ಸಿಗ್ನಲ್‌ಗೆ ಮಾತ್ರ ಅದು ಎಲ್ಲಕ್ಕಿಂತ ಕೆಟ್ಟದ್ದು. ಹೊಳೆ ಯಾವಾಗಲೂ ತಗ್ಗಿನಲ್ಲಿ ಹರಿಯುತ್ತದೆ, ಎರಡೂ ಕಡೆ ಗುಡ್ಡ. ಶರಾವತಿ ಹಿನ್ನೀರಿನ ಕಡೆ ಸ್ವಲ್ಪ ಬೇರೆ. ಅಲ್ಲಿ ನೀರಿನ ಮೇಲೆ ಬಯಲು ಇರುವುದರಿಂದ ಎದುರು ದಡದ ಟವರ್ ಮೈಲಿಗಟ್ಟಲೆ ದೂರದಿಂದಲೂ ಕೆಲವೊಮ್ಮೆ ಚೆನ್ನಾಗಿ ಸಿಗುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಡೆ ಲಾಂಚಿಗೆ ಕಾಯದೆ ವ್ಯಾನ್ ಓಡಿಸಿಕೊಂಡು ಹೋಗಬಹುದು. ಹಿನ್ನೀರಿನ ಸುತ್ತ ಅಭಯಾರಣ್ಯವೂ ಇದೆ. ಕಂಡಲ್ಲಿ ಬೀಡು ಬಿಡಬೇಡಿ, ಯಾರ ಜಾಗ ಅಂತ ಕೇಳಿಕೊಂಡು ನಿಲ್ಲಿಸಿ.

ನೆಟ್ಟಿಗೆ: ರೂಟರನ್ನು ಮೇಲೆ ಏರಿಸಿ

ಜಾಗ ಸಿಕ್ಕಿತು, ಹೊರಗೆ ಮೈನಸ್ 105 ಇದೆ ಅಂದುಕೊಳ್ಳಿ. ಮೊದಲ ಉಪಾಯಕ್ಕೆ ದುಡ್ಡೇ ಬೇಡ. ಹಾಟ್‌ಸ್ಪಾಟ್ ಹಾಕಿದ ಹಳೆಯ ಫೋನನ್ನು ಚೀಲದಲ್ಲಿ ಕಟ್ಟಿ ಬಿದಿರು ಗಳದ ತುದಿಗೆ ಏರಿಸಿ. ಹದಿನೈದು ಅಡಿ ಮೇಲೆ ಹೋದರೆ ಎಷ್ಟೋ ಕಡೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗುತ್ತದೆ. ಅಡಿಕೆ ಗೊನೆ ಕೊಯ್ಯುವ ಉದ್ದ ಕೋಲು, ಅಂದರೆ ದೋಟಿ, ಕೇಳಬೇಡಿ. ಈಗಿನ ದೋಟಿಗಳು ಅಲ್ಯೂಮಿನಿಯಂ, ಇಲ್ಲವೇ ಕಾರ್ಬನ್ ಫೈಬರ್. ಎರಡರಲ್ಲೂ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಜೀವಕ್ಕೇ ಕುತ್ತು. ಬಿದಿರು ಕೂಡ ಒದ್ದೆ ಇದ್ದರೆ ನಂಬಬಾರದು. ಲೈನಿಂದ ದೂರ ಇರಿ.

ಪದೇ ಪದೇ ತಿರುಗುವವರು ಸಿಮ್ ಹಾಕುವ ರೂಟರ್ ಕೊಳ್ಳುವುದು ಒಳ್ಳೆಯದು. ಹೊರಗಿನ ಆಂಟೆನಾಗೆ ತೂತು ಇರುವಂಥದ್ದೇ ಆಗಲಿ. ಆಂಟೆನಾದಲ್ಲಿ ಒಂದೇ ಕಡೆ ನೋಡುವಂಥದ್ದು ಕಣಿವೆಗೆ ಸರಿ. ಟವರ್ ಯಾವ ಕಡೆ ಇದೆ ಅಂತ ಗೊತ್ತಿದ್ದರೆ ಅತ್ತ ತಿರುಗಿಸಿ. ಗೊತ್ತಿಲ್ಲದಿದ್ದರೆ ಹತ್ತತ್ತು ಡಿಗ್ರಿ ತಿರುಗಿಸುತ್ತ ರೂಟರ್ ಪುಟದಲ್ಲಿ ಸಂಖ್ಯೆ ನೋಡಿ. ಒಂದೊಂದು ಸಲ ಎದುರಿನ ಬಂಡೆಗುಡ್ಡಕ್ಕೆ ತಾಗಿ ಹಿಂದಿರುಗುವ ಸಿಗ್ನಲ್ಲೇ ನೇರ ಸಿಗ್ನಲ್ಲಿಗಿಂತ ಚೆನ್ನಾಗಿರುತ್ತದೆ. ಹಾಗಾಗಿ ಪೂರ್ತಿ ಒಂದು ಸುತ್ತು ತಿರುಗಿಸದೆ ಬಿಡಬೇಡಿ. ಅದೇ ಪುಟದಲ್ಲಿ ಎಸ್‌ಐಎನ್‌ಆರ್ ಅಂತ ಇನ್ನೊಂದು ಅಂಕಿ ಇರುತ್ತದೆ. ಸಿಗ್ನಲ್ ಎಷ್ಟು ಶುದ್ಧ ಅಂತ ಅದು ಹೇಳುತ್ತದೆ. 10ರ ಮೇಲಿದ್ದರೆ ಒಳ್ಳೆಯದು, ಸೊನ್ನೆಗಿಂತ ಕೆಳಗಿದ್ದರೆ ಕಡ್ಡಿ ಎಷ್ಟಿದ್ದರೂ ಪ್ರಯೋಜನ ಇಲ್ಲ.

ಈಗ ನನ್ನ ಪೆದ್ದುತನದ ಕತೆ. ಮೊದಲ ಸಲ ಆಂಟೆನಾ ತಂದಾಗ ಅದನ್ನು ಮಾಡಿನ ತುದಿಗೆ ಕಟ್ಟಿ, ಹದಿನೈದು ಮೀಟರ್ ತೆಳು ಕೇಬಲ್ ಎಳೆದು, ರೂಟರನ್ನು ಟಿವಿ ಪಕ್ಕ ಇಟ್ಟೆ. ನೋಡಿದರೆ ಆಂಟೆನಾ ಇಲ್ಲದಾಗ ಎಷ್ಟಿತ್ತೋ ಅಷ್ಟೇ! ಮೂರು ದಿನ ಆಂಟೆನಾ ಮಾರಿದವನನ್ನು ಬೈದೆ. ತಪ್ಪು ಕೇಬಲ್ಲಿನದು. ಆ ತೆಳು ಕೇಬಲ್ 1800 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಹೆಚ್ಚುಕಮ್ಮಿ ಮುಕ್ಕಾಲು ಡೆಸಿಬೆಲ್ (ಸಿಗ್ನಲ್ ಏರಿಳಿತದ ಅಳತೆ) ನುಂಗುತ್ತದೆ. ಹದಿನೈದು ಮೀಟರಿಗೆ ಹನ್ನೊಂದು. ಆಂಟೆನಾ ಗಳಿಸಿದ್ದನ್ನೆಲ್ಲ ಕೇಬಲ್ ತಿಂದು ಮುಗಿಸಿತ್ತು. ಈಗ ಉಲ್ಟಾ ಮಾಡಿದ್ದೇನೆ. ರೂಟರನ್ನೇ ನೀರು ಹೋಗದ ಡಬ್ಬಿಯಲ್ಲಿ ಹಾಕಿ ಆಂಟೆನಾದ ಬುಡಕ್ಕೆ ಕಟ್ಟಿದ್ದೇನೆ. ನಡುವೆ ಒಂದು ಮೀಟರ್ ಕೇಬಲ್ ಅಷ್ಟೇ. ಅಲ್ಲಿಂದ ಕೆಳಗೆ ಲ್ಯಾನ್ ಕೇಬಲ್. ಅದು ನೂರು ಮೀಟರ್ ತನಕ ಏನೂ ಕಳೆದುಕೊಳ್ಳದೆ ಬರುತ್ತದೆ. ಹಲಸಿನ ಮರದ ಬುಡದ ಸಿಗ್ನಲ್ ತೆಂಕಣ ಮೂಲೆಗೆ ಬಂದಿದ್ದು ಹೀಗೆ.

"ಬೂಸ್ಟರ್ ಹಾಕಿ ಸಾರ್, ಐದು ಕಡ್ಡಿ ಬರ್ತದೆ" ಅಂತ ಹೇಳುವವರು ಸಿಗುತ್ತಾರೆ. ಬೇಡ. ಮೊಬೈಲ್ ಸಿಗ್ನಲ್ ಹಿಡಿದು ಮತ್ತೆ ಜೋರಾಗಿ ಪ್ರಸಾರ ಮಾಡುವ ಪೆಟ್ಟಿಗೆಯನ್ನು ಅನುಮತಿ ಇಲ್ಲದೆ ಖಾಸಗಿಯವರು ಹಾಕುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಸುತ್ತಲಿನವರ ನೆಟ್‌ವರ್ಕನ್ನೂ ಅದು ಕೆಡಿಸುತ್ತದೆ. ರೂಟರಿಗೆ ಆಂಟೆನಾ ಸಿಕ್ಕಿಸುವುದು ಬೇರೆ ವಿಷಯ, ಅದಕ್ಕೆ ತೊಂದರೆ ಇಲ್ಲ.

ಉಪಗ್ರಹ ಇಂಟರ್ನೆಟ್ ಬಗ್ಗೆಯೂ ಕೇಳುತ್ತಾರೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ವಿದೇಶದಿಂದ ಯಾರೋ ತಂದುಕೊಟ್ಟ ಕಿಟ್ಟನ್ನು ಮಾತ್ರ ಇಲ್ಲಿ ಹಚ್ಚಬೇಡಿ. ಅದಕ್ಕೆ ಅಗಲವಾದ ಬಯಲು ಆಕಾಶ ಬೇಕು ಅನ್ನುವುದೂ ತಿಳಿದಿರಲಿ. ತೋಟದ ನಡುವೆ ಆಕಾಶ ಇರುವುದೇ ಅಂಗೈಯಗಲ.

ಜಾಗದವರ ಮನೆಗೆ ಫೈಬರ್ ಇದ್ದರೆ ಇಷ್ಟೆಲ್ಲ ಸರ್ಕಸ್ ಯಾಕೆ? ಅವರ ವೈಫೈ ಕೇಳಿ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಂಡರೆ ರೇಂಜ್ ಇಲ್ಲದಿದ್ದರೂ ಮಾಮೂಲಿ ಕರೆ ಬರುತ್ತದೆ, ಹೋಗುತ್ತದೆ.

ಟಿವಿಗೆ: ಡಿಶ್ ಇಡುವ ಕ್ರಮ

ಸಿಗ್ನಲ್ ಸೊರಗಿದ ಕಡೆ ನೆಟ್ಟಿನಲ್ಲಿ ಟಿವಿ ನೋಡುವ ಆಸೆ ಬಿಡಿ. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ಹಳೆಯ ಅಲ್ಯೂಮಿನಿಯಂ ಕಡ್ಡಿ ಆಂಟೆನಾವೂ ಬೇಡ, ದೂರದರ್ಶನದ ಆ ಕಾಲದ ಟವರ್‌ಗಳು ಮುಚ್ಚಿಹೋಗಿವೆ. ಉಳಿದದ್ದು ಡಿಶ್. ಗುಡ್ಡಗಾಡಿಗೆ ಅದೇ ಸರಿ. ಉಪಗ್ರಹ ನೆತ್ತಿಯ ಮೇಲಿರುತ್ತದೆ, ಗುಡ್ಡ ಅಡ್ಡ ಬರುವುದು ಅಪರೂಪ.

ಯಾವ ಡಿಶ್? ವ್ಯಾನ್‌ನವರಿಗೆ ನಾನು ಹೇಳುವುದು ಡಿಡಿ ಫ್ರೀ ಡಿಶ್. ಒಂದು ಸಲ ಬಾಕ್ಸ್, ಡಿಶ್ ತಂದರೆ ಮುಗಿಯಿತು, ತಿಂಗಳ ದುಡ್ಡಿಲ್ಲ. ಚಂದನ ಬರುತ್ತದೆ. ಬೇರೆ ಕನ್ನಡ ವಾಹಿನಿ ಬೇಕೇ ಬೇಕು ಅನ್ನುವವರು ಮನೆಯ ಟಾಟಾ ಪ್ಲೇ, ಏರ್‌ಟೆಲ್ ಬಾಕ್ಸನ್ನೇ ಕಿತ್ತು ತರಬಹುದು. ಊರು ಬದಲಾದರೂ ಉಪಗ್ರಹ ಅದೇ ಅಲ್ವಾ.

ಶಿವಮೊಗ್ಗದ ಸುತ್ತಮುತ್ತ ಡಿಶ್ಶನ್ನು ಎತ್ತ ತಿರುಗಿಸಬೇಕು ಅಂತ ಲೆಕ್ಕ ಹಾಕಿ ಇಟ್ಟಿದ್ದೇನೆ. ಉತ್ತರದಿಂದ ಪೂರ್ವದ ಕಡೆಗೆ ಎಣಿಸುತ್ತ ಬರುವ ದಿಕ್ಸೂಚಿಯ ಡಿಗ್ರಿ ಇವು. ಫ್ರೀ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಅದಕ್ಕೆ 127 ಡಿಗ್ರಿ ದಿಕ್ಕು, ನೆಲದಿಂದ 63ರಿಂದ 64 ಡಿಗ್ರಿ ಎತ್ತರ. ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ: ದಿಕ್ಕು 151, ಎತ್ತರ 71. ಏರ್‌ಟೆಲ್ 108.2ರಲ್ಲಿದೆ: ದಿಕ್ಕು 111, ಎತ್ತರ 49. ಸಾಗರಕ್ಕೋ ಆಗುಂಬೆಗೋ ಹೋದರೆ ಒಂದು ಡಿಗ್ರಿಯ ಒಳಗೇ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡಿ.

ಎತ್ತರದ ಅಂಕಿಯನ್ನು ಯಾಕೆ ಹೇಳಿದೆ ಅಂದರೆ ಮರಗಳಿಗಾಗಿ. ಡಿಶ್ಶಿನ ಎದುರು ಐವತ್ತು ಅಡಿಯ ಅಡಿಕೆ ಮರ ಇದೆ ಅಂದುಕೊಳ್ಳಿ. ಟಾಟಾ ಪ್ಲೇ ಆದರೆ ಮರದಿಂದ ಹದಿನೇಳು ಅಡಿ ಹಿಂದೆ ಇಟ್ಟರೂ ಸಾಕು. ಫ್ರೀ ಡಿಶ್‌ಗೆ ಇಪ್ಪತ್ತೈದು ಅಡಿ, ಅಂದರೆ ಮರದ ಎತ್ತರದ ಅರ್ಧ. ಏರ್‌ಟೆಲ್‌ಗೆ ನಲವತ್ಮೂರು ಅಡಿ ಬೇಕು. ಸೋಗೆ ಹರಡಿಕೊಂಡಿರುತ್ತದೆ, ಗಾಳಿಗೆ ಆಡುತ್ತದೆ. ಅದಕ್ಕೆ ಇನ್ನೊಂದು ಐದಾರು ಅಡಿ ಸೇರಿಸಿ. ಒಂದೇ ಒಂದು ಸೋಗೆ ಅಡ್ಡ ಬಂದರೂ ಗಾಳಿ ಬೀಸಿದಾಗಲೆಲ್ಲ ಚಿತ್ರ ಚೂರು ಚೂರಾಗುತ್ತದೆ.

ಈ ಡಿಗ್ರಿ ಎಲ್ಲ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಪಕ್ಕದ ಮನೆಯ ಮಾಡಿನ ಮೇಲೆ ನಿಮ್ಮದೇ ಕಂಪನಿಯ ಡಿಶ್ ಇದ್ದರೆ ಅದರ ಹಿಂದೆ ನಿಂತು ಮುಖ ಎತ್ತ ಇದೆ ನೋಡಿ. ನಿಮ್ಮದನ್ನೂ ಅದರಂತೆ ಇಡಿ. ಮುಕ್ಕಾಲು ಕೆಲಸ ಮುಗಿಯಿತು.

ಉಳಿದ ಕಾಲು ಹೀಗೆ. ಟ್ರೈಪಾಡ್ ಇಟ್ಟು ಅದರ ಕಂಬ ನೆಟ್ಟಗೆ ಇದೆಯಾ ಅಂತ ಗಾರೆಯವರ ರಸಮಟ್ಟ ಹಿಡಿದು ನೋಡಿ. ಕಂಬ ವಾಲಿದ್ದರೆ ಮುಂದಿನದೆಲ್ಲ ದಂಡ. ಮೂರು ಕಾಲಿನ ನಡುವೆ ನೀರಿನ ಕ್ಯಾನ್ ನೇತುಹಾಕಿ, ಗಾಳಿಗೆ ಅಲುಗುವುದಿಲ್ಲ. ದಿಕ್ಸೂಚಿ ನೋಡುವಾಗ ವ್ಯಾನಿನಿಂದ ನಾಲ್ಕಾರು ಹೆಜ್ಜೆ ದೂರ ನಿಲ್ಲಿ, ಕಬ್ಬಿಣದ ಹತ್ತಿರ ಅದು ಸುಳ್ಳು ಹೇಳುತ್ತದೆ. ಡಿಶ್ಶಿನ ಹಿಂದಿನ ಪಟ್ಟಿಯಲ್ಲಿ ಎತ್ತರದ ಅಂಕಿ ಕೊರೆದಿರುತ್ತದೆ, ಫ್ರೀ ಡಿಶ್ ಆದರೆ ಅಲ್ಲಿ 63ಕ್ಕೆ ಇಟ್ಟು ಬೋಲ್ಟ್ ಅರ್ಧ ಬಿಗಿ ಮಾಡಿ. ಡಿಶ್ಶಿನ ಮುಖ ನೋಡಿದರೆ ಅಷ್ಟು ಮೇಲೆ ನೋಡುತ್ತಿದೆ ಅನ್ನಿಸುವುದಿಲ್ಲ. ಈ ಡಿಶ್ಶುಗಳ ಆಕಾರವೇ ಹಾಗೆ, ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತವೆ. ನಂಬಿ.

ಡಿಶ್ಶಿನ ಎದುರು ಕೋಲಿನ ತುದಿಯಲ್ಲಿ ಮೂತಿಯಂತೆ ಇರುವ ಡಬ್ಬಿಯೇ ಎಲ್‌ಎನ್‌ಬಿ. ಬಾಕ್ಸಿನಲ್ಲಿ ಅದರ ಸೆಟ್ಟಿಂಗ್ ಯುನಿವರ್ಸಲ್, 9750 ಮತ್ತು 10600 ಇರಲಿ. ಸಿಗ್ನಲ್ ಪುಟ ತೆರೆದರೆ ಎರಡು ಪಟ್ಟಿ ಕಾಣುತ್ತದೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನೋಡಿ ಖುಷಿ ಪಡಬೇಡಿ, ಕೇಬಲ್ ಸಿಕ್ಕಿಸಿದರೆ ಸಾಕು ಅದು ಏರಿಬಿಡುತ್ತದೆ. ನಿಮಗೆ ಬೇಕಾದ್ದು ಕ್ವಾಲಿಟಿ. ಒಬ್ಬರು ಟಿವಿ ನೋಡುತ್ತಿರಲಿ, ಇನ್ನೊಬ್ಬರು ಡಿಶ್ಶನ್ನು ಎಡದಿಂದ ಬಲಕ್ಕೆ ಒಂದೊಂದು ಬೆರಳಷ್ಟು ಸರಿಸಲಿ. ಸರಿಸಿದ ಮೇಲೆ ಮೂರು ನಾಲ್ಕು ಸೆಕೆಂಡ್ ಕಾಯಬೇಕು, ಬಾಕ್ಸ್ ಹಿಡಿಯಲು ಅಷ್ಟು ಹೊತ್ತು ಬೇಕು. ಇದೊಂದು ತಿಳಿಯದೆ ಜನ ಗಿರಗಿಟ್ಲೆ ತಿರುಗಿಸಿದ ಹಾಗೆ ತಿರುಗಿಸುತ್ತಾರೆ, ಉಪಗ್ರಹ ಹತ್ತು ಸಲ ಎದುರಿಗೆ ಬಂದರೂ ಸಿಗುವುದಿಲ್ಲ. ಗಂಡ ಹೆಂಡತಿ ಈ ಕೆಲಸಕ್ಕೆ ನಿಂತರೆ ಜಗಳ ಗ್ಯಾರಂಟಿ, ನಮ್ಮ ಅಂಗಳದಲ್ಲೇ ನೋಡಿದ್ದೇನೆ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಎತ್ತರ ಎರಡು ಡಿಗ್ರಿ ಬದಲಿಸಿ ಮತ್ತೆ ಶುರು ಮಾಡಿ. ಹಿಡಿದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಸ್ವಲ್ಪ ತಿರುಗಿಸಿ ಕ್ವಾಲಿಟಿ ಇನ್ನೂ ಏರುತ್ತದಾ ನೋಡಿ, ಆಮೇಲೆ ಬೋಲ್ಟ್ ಪೂರ್ತಿ ಬಿಗಿಯಿರಿ.

ಮಳೆ, ಸಿಡಿಲು, ಕರೆಂಟು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಡಿಶ್ಶಿಗೆ ಬರುವ ಅಲೆ ಎರಡೂವರೆ ಸೆಂಟಿಮೀಟರ್ ಉದ್ದದ್ದು, ದಪ್ಪ ಮಳೆ ಅದನ್ನು ಹೀರಿಬಿಡುತ್ತದೆ. 60 ಸೆಂಟಿಮೀಟರ್ ಡಿಶ್ ಬದಲು 90ರದ್ದು ಹಾಕಿದರೆ ಮೂರೂವರೆ ಡೆಸಿಬೆಲ್ ಸಿಗುತ್ತದೆ. ಸಾಧಾರಣ ಮಳೆಗೆ ಅಷ್ಟು ಸಾಕು. ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗ ಅದೂ ನಿಲ್ಲುವುದಿಲ್ಲ. ಹತ್ತಿಪ್ಪತ್ತು ನಿಮಿಷ ಟಿವಿ ಬಿಟ್ಟು ಮಳೆ ನೋಡಿ. ಅದಕ್ಕೇ ಅಲ್ವಾ ಬಂದಿದ್ದು?

ಮಳೆ ನಿಂತ ಮೇಲೂ ಚಿತ್ರ ಬರದಿದ್ದರೆ ಕೇಬಲ್ ಕೊನೆಯಲ್ಲಿ ನೀರು ಹೋಗಿದೆ ಅಂತಲೇ ತಿಳಿಯಿರಿ. ಕನೆಕ್ಟರ್ ಬಿಚ್ಚಿ, ಒರೆಸಿ, ತಂತಿ ಹಸಿರಾಗಿದ್ದರೆ ಕತ್ತರಿಸಿ ಹೊಸದು ಹಾಕಿ. ಕೇಬಲ್ಲನ್ನು ಎಲ್‌ಎನ್‌ಬಿಯ ಕೆಳಗೆ ಒಂದು ಸುತ್ತು ಜೋಲು ಬಿಟ್ಟರೆ ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ. ಎಲ್‌ಎನ್‌ಬಿ ಮೂತಿಗೆ ಪ್ಲಾಸ್ಟಿಕ್ ಕವರ್ ಸುತ್ತುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದರ ಮೇಲೆ ನೀರು ಹನಿಗಟ್ಟಿ ಸಿಗ್ನಲ್ ಇನ್ನೂ ಕೆಡುತ್ತದೆ. ಮೂತಿಯಲ್ಲಿ ಜೇಡ ಬಲೆ ಕಟ್ಟಿದೆಯಾ ನೋಡಿ. ಮಂಗಗಳ ಕಾಟಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ.

ಸಿಡಿಲಿನ ವಿಷಯದಲ್ಲಿ ತಮಾಷೆ ಬೇಡ. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ಸಂಜೆಗಳಲ್ಲಿ ದೂರದಲ್ಲಿ ಗುಡುಗು ಕೇಳಿದ ಕೂಡಲೇ ಡಿಶ್ ಕೇಬಲ್, ಲ್ಯಾನ್ ಕೇಬಲ್, ಪ್ಲಗ್ ಮೂರನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ತಲೆಯ ಮೇಲೆ ಬಂದ ಮೇಲೆ ಗಳದ ಹತ್ತಿರ ಹೋಗಲೇಬೇಡಿ.

ಕರೆಂಟು ಹೋದರೆ ವ್ಯಾನಿನ ಬ್ಯಾಟರಿ ಇದೆ. 24 ಇಂಚಿನ ಎಲ್‌ಇಡಿ ಟಿವಿ, ಬಾಕ್ಸ್ ಸೇರಿ ಸುಮಾರು 40 ವಾಟ್. 100 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ ಹದಿನೈದು ಗಂಟೆ ಬರುತ್ತದೆ. ರೂಟರನ್ನು ಇನ್ವರ್ಟರ್ ಇಲ್ಲದೆ 12 ವೋಲ್ಟಿನಿಂದಲೇ ಓಡಿಸಬಹುದು. ಚಾರ್ಜ್ ಆಗುವಾಗ ಬ್ಯಾಟರಿ 14.4ರ ತನಕ ಏರುತ್ತದೆ, ಹಾಗಾಗಿ ನಡುವೆ ಒಂದು 12 ವೋಲ್ಟ್ ರೆಗ್ಯುಲೇಟರ್ ಇರಲಿ. ಎರಡು ದಿನ ಕರೆಂಟು ಬರಲಿಲ್ಲ ಅಂದರೆ ಟವರಿನ ಬ್ಯಾಟರಿಯೇ ಮುಗಿಯುತ್ತದೆ, ಆಗ ನಿಮ್ಮ ಕೈಯಲ್ಲಿ ಏನೂ ಇಲ್ಲ. ಒಂದು ಸಣ್ಣ ರೇಡಿಯೋ ಇಟ್ಟುಕೊಳ್ಳಿ. ಆಕಾಶವಾಣಿ ಭದ್ರಾವತಿ ಕೇಳುತ್ತದೆ.

ಹೊರಡುವ ದಿನ ಡಿಶ್ಶಿನ ಪಟ್ಟಿಯಲ್ಲಿ ಬೋಲ್ಟ್ ನಿಂತ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳಿ, ಮುಂದಿನ ಊರಲ್ಲಿ ಎತ್ತರ ಹುಡುಕುವ ಕೆಲಸ ತಪ್ಪುತ್ತದೆ. ನಮ್ಮಲ್ಲಿಗೆ ಬಂದರೆ ಅದೂ ಬೇಡ. ಟ್ರೈಪಾಡಿನ ಕಾಲು ಎಲ್ಲಿಡಬೇಕೋ ಅಲ್ಲಿ ಮೂರು ಕಲ್ಲು ಹುಗಿದು ಸುಣ್ಣ ಬಳಿದಿದ್ದೇನೆ. ಹೋದ ಬೇಸಿಗೆಯಲ್ಲಿ ಬಂದ ಒಬ್ಬರು ಅದನ್ನು ನಾಗರಕಲ್ಲು ಅಂದುಕೊಂಡು ಚಪ್ಪಲಿ ಬಿಟ್ಟು ಸುತ್ತು ಹಾಕಿ ಹೋದರು.